ತೃಪ್ತಿ ಇದ್ದರೆ ಕೆಲಸ ತಾನಾಗಿ ಆಗುತ್ತದೆಯೇ?

ನೌಕರರನ್ನು ಖುಷಿಯಾಗಿಟ್ಟರೆ ಕೆಲಸ ತಾನಾಗಿಯೇ ಸುಧಾರಿಸುತ್ತದೆ ಎಂಬ ನಂಬಿಕೆ ಹಳೆಯದು. ಅಂಕಿಗಳು ಅಷ್ಟು ಉದಾರವಾಗಿಲ್ಲ. ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 1985ರ ವಿಶ್ಲೇಷಣೆಯೊಂದರಲ್ಲಿ ತೃಪ್ತಿಗೂ ಕಾರ್ಯಕ್ಷಮತೆಗೂ ಸಿಕ್ಕ ಸಹಸಂಬಂಧ (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ನಂಟು) 0.17. 2001ರಲ್ಲಿ ಸಂಶೋಧಕ ಟಿಮೊಥಿ ಜಡ್ಜ್ ತಂಡ 312 ಮಾದರಿಗಳನ್ನು ತೆಗೆದುಕೊಂಡು, ಅಳತೆಯ ದೋಷ ಸರಿಪಡಿಸಿ, 0.30 ಎಂದಿತು. ಇದರ ವರ್ಗ 0.09. ಅಂದರೆ ಒಬ್ಬರಿಗೂ ಇನ್ನೊಬ್ಬರಿಗೂ ಕೆಲಸದಲ್ಲಿ ಕಾಣುವ ವ್ಯತ್ಯಾಸದಲ್ಲಿ ತೃಪ್ತಿಯ ಜತೆ ತಾಳೆಯಾಗುವುದು ಸುಮಾರು ಶೇ 9 ಮಾತ್ರ. ಸಂಕೀರ್ಣ ಕೆಲಸಗಳಲ್ಲಿ ಈ ನಂಟು ಇನ್ನಷ್ಟು ಗಟ್ಟಿ. ಯಂತ್ರದ ವೇಗಕ್ಕೆ ಕಟ್ಟುಬಿದ್ದವರು ಬೇಸರದಲ್ಲಿದ್ದರೂ ದಿನದ ಲೆಕ್ಕ ಹೆಚ್ಚೇನೂ ಬದಲಾಗದು.

ಸಂಶೋಧಕರಾದ ಲಾಲರ್ ಮತ್ತು ಪೋರ್ಟರ್ 1967ರಲ್ಲೇ ಕಾರಣ-ಪರಿಣಾಮದ ಬಾಣವನ್ನು ತಿರುಗಿಸಿದ್ದರು: ಚೆನ್ನಾಗಿ ದುಡಿದು, ಅದಕ್ಕೆ ತಕ್ಕ ಫಲ ಸಿಕ್ಕಾಗ ತೃಪ್ತಿ ಹುಟ್ಟುತ್ತದೆ. ಸಂಸ್ಥೆಗಳು ಎಡವುವುದು ಇಲ್ಲೇ. ಎಲ್ಲರಿಗೂ ಒಂದೇ ಇನ್‌ಕ್ರಿಮೆಂಟ್ ಕೊಟ್ಟರೆ ಸೋಮಾರಿಗೆ ಸಮಾಧಾನ, ದುಡಿಯುವವನಿಗೆ ಉರಿ. ನೌಕರರ ತೃಪ್ತಿ ಸಮೀಕ್ಷೆಯ ಸರಾಸರಿ ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಸರಾಸರಿ ಬಿಡಿ. ಕೆಲಸದಲ್ಲಿ ಉತ್ತಮ, ಸಾಧಾರಣ, ದುರ್ಬಲ ಎಂಬ ಮೂರು ಗುಂಪುಗಳ ತೃಪ್ತಿಯನ್ನು ಬೇರೆಬೇರೆಯಾಗಿ ನೋಡಿ. ಗುಂಪು ತೀರಾ ಚಿಕ್ಕದಾದರೆ ಯಾರ ಉತ್ತರ ಯಾವುದೆಂದು ಗೊತ್ತಾಗಿಬಿಡುತ್ತದೆ. ಅಂಥದ್ದರ ಅಂಕಿ ಯಾರಿಗೂ ತೋರಿಸಬೇಡಿ; ತೋರಿಸಿದರೆ ಮುಂದಿನ ಸಲ ಒಬ್ಬರೂ ನಿಜ ಬರೆಯುವುದಿಲ್ಲ.

'ಈ ಕೆಲಸ ನನ್ನಿಂದಾಗುತ್ತದೆ' ಎಂಬ ಆತ್ಮವಿಶ್ವಾಸಕ್ಕೆ ಕಾರ್ಯಕ್ಷಮತೆಯೊಂದಿಗೆ ಇನ್ನೂ ಹತ್ತಿರದ ನಂಟಿದೆ: 1998ರ ಒಂದು ವಿಶ್ಲೇಷಣೆಯಲ್ಲಿ 0.38. ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಇಲ್ಲಿ ಹಾಕಿ ಎನ್ನುತ್ತೇನೆ. ಈ ವಿಶ್ವಾಸಕ್ಕೆ ಮನಶ್ಶಾಸ್ತ್ರಜ್ಞ ಬಂಡೂರಾ ಹೇಳಿದ ನಾಲ್ಕು ಮೂಲಗಳಲ್ಲಿ ಅತಿ ಬಲವಾದದ್ದು ಸ್ವತಃ ಮಾಡಿ ಗೆದ್ದ ಅನುಭವ. ಭಾಷಣ, ಹೊಗಳಿಕೆ ಅದರ ಹಿಂದೆ. ಹೊಸಬರಿಗೆ ಒಂದೆರಡು ದಿನದಲ್ಲಿ ಒಬ್ಬರೇ ಮುಗಿಸಬಹುದಾದ ತುಂಡು ಕೆಲಸ ಕೊಡಿ. ಮುಗಿದ ದಿನವೇ ಯಾವ ಹೆಜ್ಜೆ ಸರಿ, ಯಾವುದು ತಪ್ಪು ಎಂದು ಹೇಳಿ, ಆಮೇಲೆ ಕಷ್ಟ ಏರಿಸಿ. ಸುಲಭದ್ದನ್ನೇ ಕೊಡುತ್ತಾ ಹೋದರೆ ಮೊದಲ ಅಡ್ಡಿಗೇ ವಿಶ್ವಾಸ ಕುಸಿಯುತ್ತದೆ.

ಸಂಸ್ಥೆಯ ಮೇಲಿನ ಬದ್ಧತೆಯ ಲೆಕ್ಕವೇ ಬೇರೆ. ಸಂಶೋಧಕರಾದ ಮೇಯರ್ ಮತ್ತು ಆಲೆನ್ ಅದನ್ನು ಮೂರಾಗಿ ಬಿಡಿಸಿದರು: ಇಷ್ಟಪಟ್ಟು ಉಳಿಯುವುದು, ಋಣದ ಭಾವದಿಂದ ಉಳಿಯುವುದು, ಬಿಟ್ಟರೆ ನಷ್ಟವೆಂದು ಉಳಿಯುವುದು. ತೃಪ್ತಿಯೊಡನೆ ಗಟ್ಟಿಯಾಗಿ ಸೇರುವುದು ಮೊದಲನೆಯದು. ಮೂರನೆಯವರು ರಾಜೀನಾಮೆಯನ್ನೂ ಕೊಡುವುದಿಲ್ಲ, ಹೇಳಿದ್ದಕ್ಕಿಂತ ಹೆಚ್ಚು ದುಡಿಯುವುದೂ ಇಲ್ಲ. 'ನಮ್ಮಲ್ಲಿ ಯಾರೂ ಬಿಟ್ಟು ಹೋಗುವುದಿಲ್ಲ' ಎಂದು ಬೀಗುವ ಮ್ಯಾನೇಜರು ಇವರನ್ನೇ ನಿಷ್ಠರೆಂದು ಎಣಿಸಿರುತ್ತಾರೆ. ಪ್ರಶ್ನಾವಳಿಯಲ್ಲಿ ಮೂರಕ್ಕೂ ಪ್ರತ್ಯೇಕ ಪ್ರಶ್ನೆ ಇಡಿ, ಅಂಕಗಳನ್ನು ಒಟ್ಟಿಗೆ ಕೂಡಿಸಬೇಡಿ.