ಮುಟ್ಟಿನ ದಿನ ಲೆಕ್ಕ ಹಾಕಿ ಮೂಲಿಕೆ ತಿಂದರೆ ಎದೆ ಬೆಳೆಯುತ್ತಾ?

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಲ್ಲುವ ನನಗೆ ಹೆಣ್ಣುಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅಂಗಡಿಯಲ್ಲಿ ಗಂಡಸರಿಲ್ಲದ ಹೊತ್ತು ನೋಡಿ, ದನಿ ತಗ್ಗಿಸಿ ಕೇಳುತ್ತಾರೆ. "ಅಕ್ಕ, ಮುಟ್ಟು ಶುರುವಾದ ದಿನದಿಂದ ಎರಡು ವಾರ ಮೆಂತ್ಯ, ಸೋಂಪು, ಶತಾವರಿ. ಆಮೇಲೆ ಎರಡು ವಾರ ವೈಲ್ಡ್ ಯಾಮ್, ವೈಟೆಕ್ಸ್. ಹೀಗೆ ತಗೊಂಡ್ರೆ ಎದೆ ದೊಡ್ಡದಾಗುತ್ತಂತೆ, ಹೌದಾ?" ಕೆಲವರು ಮೊಬೈಲಿನಲ್ಲಿ ಚಾರ್ಟನ್ನೂ ತೋರಿಸುತ್ತಾರೆ. ಯಾವ ದಿನ ಯಾವುದು, ಎಷ್ಟು ಚಮಚ ಅಂತ ಬಣ್ಣ ಬಣ್ಣದಲ್ಲಿ ಬರೆದಿರುತ್ತದೆ.

ನನ್ನ ಉತ್ತರ: ಇಲ್ಲ, ಬೆಳೆಯುವುದಿಲ್ಲ. ಆದರೆ ಇಷ್ಟೇ ಹೇಳಿ ಕಳಿಸೋದು ನನಗೆ ಸರಿ ಅನ್ನಿಸುವುದಿಲ್ಲ. ಕೇಳುವವರು ದಡ್ಡರಲ್ಲ. ಆ ಚಾರ್ಟಿನಲ್ಲಿ ಅರ್ಧ ನಿಜ ಇದೆ, ಅದಕ್ಕೇ ಓದಿದವರೂ ನಂಬುತ್ತಾರೆ.

ನಿಜ ಯಾವುದು ಅಂದರೆ, ತಿಂಗಳ ಮೊದಲರ್ಧದಲ್ಲಿ ಅಂಡಾಶಯ ಈಸ್ಟ್ರೋಜೆನ್ ಅನ್ನುವ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನು ಏರುತ್ತದೆ. ಹುಡುಗಿ ದೊಡ್ಡವಳಾಗುವ ವಯಸ್ಸಿನಲ್ಲಿ ಎದೆಯೊಳಗಿನ ಹಾಲಿನ ನಾಳಗಳು ಬೆಳೆಯುವುದು ಈಸ್ಟ್ರೋಜೆನ್‌ನಿಂದ. ಹಾಲಿನ ಗ್ರಂಥಿಗಳು ಬೆಳೆಯಲು ಪ್ರೊಜೆಸ್ಟರಾನ್ ಬೇಕು. ಹಾಗಾದರೆ ಮೊದಲರ್ಧದಲ್ಲಿ ಈಸ್ಟ್ರೋಜೆನ್ ಥರದ ಮೂಲಿಕೆ, ಎರಡನೇ ಅರ್ಧದಲ್ಲಿ ಪ್ರೊಜೆಸ್ಟರಾನ್ ಥರದ ಮೂಲಿಕೆ ತಿನ್ನಿ ಅನ್ನುತ್ತದೆ ಚಾರ್ಟು. ಕೇಳೋಕೆ ಸರಿಯಾಗೇ ಇದೆ, ಅಲ್ವಾ?

ತಪ್ಪಿರುವುದು ಇಲ್ಲಿ. ನಿಮ್ಮ ಅಂಡಾಶಯ ಪ್ರತಿ ತಿಂಗಳೂ ಈ ಎರಡು ಹಾರ್ಮೋನುಗಳನ್ನೂ ತಾನೇ ಮಾಡುತ್ತದೆ. ಮೆಂತ್ಯ, ಸೋಂಪಿನಲ್ಲಿರುವ ಈಸ್ಟ್ರೋಜೆನ್ ಥರದ ಅಂಶಗಳಿಗಿಂತ ಮೈಯೇ ಮಾಡುವ ಈಸ್ಟ್ರೋಜೆನ್ ಎಷ್ಟೋ ಪಟ್ಟು ಪ್ರಬಲ. ಅಷ್ಟು ಪ್ರಬಲವಾದದ್ದು ತಿಂಗಳು ತಿಂಗಳು ಮೈಯಲ್ಲಿ ಓಡಾಡಿದರೂ ಇಪ್ಪತ್ತೈದರ ಹೆಣ್ಣಿನ ಎದೆ ಬೆಳೆಯುತ್ತಾ ಹೋಗುವುದಿಲ್ಲ. ಹರೆಯದಲ್ಲಿ ಬೆಳವಣಿಗೆಯ ಹಾರ್ಮೋನು ಕೂಡ ಜೊತೆಗೆ ಕೆಲಸ ಮಾಡಿರುತ್ತದೆ. ಆ ಕಾಲ ಮುಗಿದ ಮೇಲೆ ಎದೆಯ ಗಾತ್ರದಲ್ಲಿ ಕೊಬ್ಬಿನ ಪಾಲು ದೊಡ್ಡದು. ಎಷ್ಟು ಕೊಬ್ಬು, ಎಲ್ಲಿ ಸೇರಬೇಕು ಅನ್ನೋದನ್ನು ಬಹುಮಟ್ಟಿಗೆ ವಂಶವೇ ತೀರ್ಮಾನಿಸಿರುತ್ತದೆ. ಆಮೇಲೆ ಗ್ರಂಥಿಗಳು ನಿಜವಾಗಿ ಬೆಳೆಯುವುದು ಬಸಿರಿನಲ್ಲಿ.

ಚಾರ್ಟಿನ ಎರಡನೇ ಅರ್ಧವಂತೂ ಇನ್ನೂ ದುರ್ಬಲ. ವೈಲ್ಡ್ ಯಾಮ್ ಒಂದು ಕಾಡುಗೆಣಸು. ಅದರಲ್ಲಿ ಡಯೋಸ್ಜೆನಿನ್ ಅನ್ನುವ ಅಂಶ ಇದೆ, ನಮ್ಮ ಮೆಂತ್ಯದಲ್ಲೂ ಇದೆ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಮೆಕ್ಸಿಕೋದ ಕಾಡುಗೆಣಸಿನಿಂದ ಡಯೋಸ್ಜೆನಿನ್ ತೆಗೆದು, ಅದರಿಂದ ಪ್ರೊಜೆಸ್ಟರಾನ್ ತಯಾರಿಸಿದರು. 1944ರಲ್ಲಿ ಮೆಕ್ಸಿಕೋ ನಗರದಲ್ಲಿ ಸಿಂಟೆಕ್ಸ್ ಕಂಪನಿ ಶುರುವಾದದ್ದೇ ಈ ವಿದ್ಯೆಯ ಮೇಲೆ. ಗರ್ಭನಿರೋಧಕ ಮಾತ್ರೆಯ ಚರಿತ್ರೆಗೂ ಇದರ ನಂಟಿದೆ. ಆದರೆ ಆ ಬದಲಾವಣೆ ನಡೆದದ್ದು ಲ್ಯಾಬಿನಲ್ಲಿ, ಒಂದಾದ ಮೇಲೊಂದು ರಾಸಾಯನಿಕ ಕ್ರಿಯೆ ಮಾಡಿಸಿ. ನಮ್ಮ ಹೊಟ್ಟೆಯಲ್ಲಾಗಲಿ ಲಿವರ್‌ನಲ್ಲಾಗಲಿ ಡಯೋಸ್ಜೆನಿನ್ ಪ್ರೊಜೆಸ್ಟರಾನ್ ಆಗುವುದಿಲ್ಲ. ಗೆಣಸು ತಿಂದರೆ ಗೆಣಸು ತಿಂದಷ್ಟೇ. ಇನ್ನು ವೈಟೆಕ್ಸ್, ನಮ್ಮ ಲಕ್ಕಿ ಗಿಡದ ಬಳಗದ್ದು. ಅದು ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಇಳಿಸುತ್ತದೆ. ಪ್ರೊಲ್ಯಾಕ್ಟಿನ್ ಅಂದರೆ ಎದೆಯಲ್ಲಿ ಹಾಲು ತರಿಸುವ ಹಾರ್ಮೋನು. ಎದೆ ಬೆಳೆಸಲು ಅದನ್ನು ಇಳಿಸುವ ಮೂಲಿಕೆ ಯಾಕೆ ತಿನ್ನಬೇಕು, ನೀವೇ ಹೇಳಿ.

ಇಷ್ಟು ಹೇಳಿದ ಮೇಲೆ ಬರುವ ಮಾತು ಒಂದೇ. "ಆದ್ರೆ ಅಕ್ಕ, ನನ್ನ ಫ್ರೆಂಡ್‌ಗೆ ಕೆಲಸ ಮಾಡಿದೆ." ಆ ಫ್ರೆಂಡ್ ಸುಳ್ಳು ಹೇಳಿರಲಿಕ್ಕಿಲ್ಲ. ಯಾವ ದಿನ ಅಳತೆ ತೆಗೆದಳು ಅಂತ ಕೇಳಿ ನೋಡಿ. ಅಂಡಾಣು ಬಿಡುಗಡೆಯಾದ ಮೇಲೆ, ಮುಟ್ಟು ಬರುವ ಮುಂಚಿನ ದಿನಗಳಲ್ಲಿ, ಎದೆಯಲ್ಲಿ ನೀರು ತುಂಬಿಕೊಳ್ಳುತ್ತದೆ, ಗ್ರಂಥಿಗಳು ಊದಿಕೊಳ್ಳುತ್ತವೆ. ಎಂಆರ್‌ಐ ಸ್ಕ್ಯಾನಿನಲ್ಲೇ ಇದು ಕಾಣುತ್ತದೆ. ಬ್ರಾ ಬಿಗಿಯಾಗುತ್ತದೆ, ಮುಟ್ಟಿದರೆ ನೋವು, ಮೆಟ್ಟಿಲು ಇಳಿದರೂ ಗೊತ್ತಾಗುತ್ತದೆ. ಮುಟ್ಟಾಗಿ ಕೆಲವು ದಿನಕ್ಕೆ ಎಲ್ಲ ಇಳಿದುಹೋಗುತ್ತದೆ. ಚಾರ್ಟ್ ಶುರು ಮಾಡುವುದು ಮುಟ್ಟಿನ ಮೊದಲ ದಿನದಿಂದ. ಆಗ ಎದೆ ಇಳಿಯುತ್ತಿರುವ ಕಾಲ. ಮೂರು ವಾರ ಬಿಟ್ಟು ಟೇಪ್ ಹಿಡಿದರೆ ಅದು ತುಂಬಿಕೊಂಡ ಕಾಲ. ಏನೂ ತಿನ್ನದೇ ಇದ್ದರೂ ಅಳತೆ ಜಾಸ್ತಿ ಬರುತ್ತದೆ. ಮೂಲಿಕೆಯ ಜೊತೆಗೆ ತುಪ್ಪ, ಹಾಲು, ಬಾದಾಮಿ ಸೇರಿಸಿಕೊಂಡು ತೂಕ ಏರಿದ್ದರೆ ಎದೆಗೂ ಒಂದಿಷ್ಟು ಕೊಬ್ಬು ಸೇರಿರುತ್ತದೆ. ಅದರ ಹೆಸರೆಲ್ಲ ಮೆಂತ್ಯಕ್ಕೆ ಹೋಗುತ್ತದೆ.

ಮೆಂತ್ಯದ್ದು ಇನ್ನೊಂದಿದೆ. ದಿನಾ ಜಾಸ್ತಿ ತಿಂದರೆ ಬೆವರು, ಮೂತ್ರ ಎಲ್ಲ ಸಿಹಿಯಾದ ಒಂಥರಾ ವಾಸನೆ ಬರುತ್ತದೆ. ಸೊಟೊಲೋನ್ ಅನ್ನುವ ವಸ್ತುವಿನಿಂದ ಬರುವ ವಾಸನೆ ಅದು. "ಮೈಗೆ ಹತ್ತುತ್ತಿದೆ" ಅನ್ನುವುದಕ್ಕೆ ಇದೇ ಗುರುತು ಅಂತ ಕೆಲವರು ಖುಷಿಪಡುತ್ತಾರೆ. ಅದು ವಾಸನೆ, ಅಷ್ಟೇ.

ಈ ನಂಬಿಕೆ ನಮ್ಮಲ್ಲಿ ಸುಲಭವಾಗಿ ಬೇರುಬಿಡೋದಕ್ಕೆ ಕಾರಣ ಬಾಣಂತನ. ಬಾಣಂತಿಗೆ ಮೆಂತ್ಯದ ಹಿಟ್ಟು, ಸಬ್ಬಸಿಗೆ ಸೊಪ್ಪು, ಶತಾವರಿ ಲೇಹ್ಯ ಕೊಡುವುದನ್ನು ಮನೆಯಲ್ಲಿ ನೋಡುತ್ತಾ ಬೆಳೆದವರು ನಾವು. ಬಾಣಂತಿಯ ಎದೆ ತುಂಬಿರುವುದನ್ನೂ ನೋಡಿರುತ್ತೇವೆ. ಆದರೆ ಅವಳ ಎದೆ ತುಂಬಿದ್ದು ಒಂಬತ್ತು ತಿಂಗಳ ಬಸಿರಿನಿಂದ, ಆಮೇಲೆ ಹಾಲಿನಿಂದ. ಆ ಅಡುಗೆಗಳ ಬಗ್ಗೆ ನನಗೆ ಗೌರವವಿದೆ. ಹೆತ್ತು ದಣಿದ ಹೆಣ್ಣಿಗೆ ಯಾರಾದರೂ ಬಿಸಿಬಿಸಿ ಮಾಡಿ ಬಡಿಸಬೇಕು ಅನ್ನುವ ಕಾಳಜಿ ಅದರಲ್ಲಿದೆ. ಅದನ್ನೇ ಕ್ಯಾಪ್ಸೂಲಿಗೆ ತುಂಬಿ, ಕಾಲೇಜು ಹುಡುಗಿಯ ನಾಚಿಕೆಯನ್ನು ಗುರಿಯಿಟ್ಟು ಮಾರುತ್ತಾರಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ.

ಹಾಗೆ ಜಾಹೀರಾತು ಕೊಡುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ಹೆಂಗಸರ ಎದೆಯ ಆಕಾರ, ರಚನೆ ಅಂತಲೇ ಸೇರಿದೆ. ಇದಕ್ಕೆ ಔಷಧಿ ಇದೆ ಅಂತ ಪ್ರಚಾರ ಮಾಡುವಂತಿಲ್ಲ. 2003ರಲ್ಲಿ ಅಮೆರಿಕದ ವೈದ್ಯೆ ಏಡ್ರಿಯನ್ ಫ್ಯೂ-ಬರ್ಮನ್ ಇಂಥ ಮೂಲಿಕೆ ಮಾತ್ರೆಗಳ ಬಗ್ಗೆ ಇದ್ದ ಪುರಾವೆಯನ್ನೆಲ್ಲ ಹುಡುಕಿ ನೋಡಿದರು. ಎದೆ ಬೆಳೆಯುತ್ತದೆ ಅಂತ ತೋರಿಸುವ ಒಂದು ಕ್ಲಿನಿಕಲ್ ಪರೀಕ್ಷೆಯೂ ಅವರಿಗೆ ಸಿಗಲಿಲ್ಲ.

"ಹೋಗಲಿ ಬಿಡಿ, ಮೂಲಿಕೆ ತಾನೆ, ನಷ್ಟ ಏನು?" ಅನ್ನುವವರಿಗೆ ಒಂದು ಮಾತು. ಸಾರಿನ ಒಗ್ಗರಣೆಗೆ ಹಾಕುವ ಮೆಂತ್ಯದಿಂದ ಏನೂ ಆಗುವುದಿಲ್ಲ. ಮುಷ್ಟಿಗಟ್ಟಲೆ ಅಥವಾ ಕ್ಯಾಪ್ಸೂಲಿನಲ್ಲಿ ತಿಂದರೆ ವಿಷಯ ಬೇರೆ. ಮೆಂತ್ಯ ರಕ್ತದ ಸಕ್ಕರೆ ಇಳಿಸುತ್ತದೆ, ಶುಗರ್ ಮಾತ್ರೆ ತಗೊಳ್ಳುವವರಿಗೆ ತೊಂದರೆ. ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಬೇಡ. ಕಡಲೆಕಾಯಿ ಅಲರ್ಜಿ ಇರುವವರಿಗೆ ಮೆಂತ್ಯವೂ ಆಗದಿರಬಹುದು. ಬಸುರಿಯರು ಇಂಥ ದೊಡ್ಡ ಪ್ರಮಾಣದ ತಂಟೆಗೇ ಹೋಗಬಾರದು. ಥಾಯ್ಲೆಂಡಿನ ಪ್ಯೂರೇರಿಯಾ ಮಿರಿಫಿಕಾ ಗೆಡ್ಡೆಯ ಪುಡಿಯೂ ಆನ್‌ಲೈನಿನಲ್ಲಿ ಸಿಗುತ್ತದೆ. ಅದರ ಈಸ್ಟ್ರೋಜೆನ್ ಗುಣ ಉಳಿದವುಗಳಿಗಿಂತ ಜೋರು, ಹಾಗಾಗಿ ಹೆದರಿಕೆಯೂ ಜಾಸ್ತಿ. ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಸ್ತನ ಕ್ಯಾನ್ಸರ್ ಆಗಿದ್ದರೆ, ನಿಮಗೆ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಅಥವಾ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ತೊಂದರೆ) ಇದ್ದರೆ ದಯವಿಟ್ಟು ಅದನ್ನು ಮುಟ್ಟಬೇಡಿ. ಲೇಬಲ್ ಇಲ್ಲದ ಪುಡಿಗಳಂತೂ ಬೇಡವೇ ಬೇಡ. ಮೂಲಿಕೆ ಹೆಸರಿನ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿ ಸಿಕ್ಕಿಬಿದ್ದವರಿದ್ದಾರೆ.

ಹಾಗಾದರೆ ಕೇಳಿದವರಿಗೆ ನಾನು ಏನು ಕೊಡುತ್ತೇನೆ? ಎಷ್ಟೋ ಸಲ ಒಂದು ಅಳತೆ ಟೇಪ್. ಬಹಳಷ್ಟು ಅಂಗಡಿಗಳಲ್ಲಿ ಬ್ರಾ ಕೊಳ್ಳಲು ಹೋದರೆ "ಸೈಜ್ ಎಷ್ಟು?" ಅಂತ ಕೇಳಿ 32, 34 ಅಂದರೆ ಒಂದು ಡಬ್ಬ ತೆಗೆದು ಇಡುತ್ತಾರೆ. ಕಪ್ ಯಾವುದು ಅಂತ ಯಾರೂ ಕೇಳುವುದಿಲ್ಲ. ಕಪ್ಪಿನಲ್ಲಿ ಬಟ್ಟೆ ಸುಕ್ಕುಗಟ್ಟಿ ನಿಂತರೆ ಹುಡುಗಿ ತನ್ನ ಮೈಯೇ ಸರಿಯಿಲ್ಲ ಅಂದುಕೊಳ್ಳುತ್ತಾಳೆ. ತಪ್ಪು ಬ್ರಾದ್ದು. ಎದೆಯ ಕೆಳಗೆ ಪಕ್ಕೆಲುಬಿನ ಸುತ್ತ ಬಿಗಿಯಾಗಿ ಒಂದು ಅಳತೆ, ಎದೆಯ ತುಂಬಿದ ಜಾಗದಲ್ಲಿ ಸಡಿಲವಾಗಿ ಇನ್ನೊಂದು. ಇವೆರಡರ ನಡುವಿನ ವ್ಯತ್ಯಾಸವೇ ಕಪ್. ಮುಟ್ಟು ಮುಗಿದ ವಾರದಲ್ಲಿ ಅಳೆಯಿರಿ, ಊತ ಇರುವುದಿಲ್ಲ. ಎರಡು ಕಡೆ ಒಂದೇ ಸಮ ಇಲ್ಲ ಅಂತ ಗಾಬರಿ ಬೇಡ, ಹೆಚ್ಚಿನವರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಎದೆ ಸಣ್ಣದಿದ್ದರೆ ಮುಂದೆ ಮಗುವಿಗೆ ಹಾಲು ಸಾಲದು ಅನ್ನೋದೂ ಸುಳ್ಳು. ಹಾಲು ಮಾಡುವುದು ಗ್ರಂಥಿ, ಕೊಬ್ಬಲ್ಲ.

ಡಾಕ್ಟರ ಹತ್ತಿರ ಹೋಗಲೇಬೇಕಾದ ಸಂದರ್ಭಗಳೂ ಇವೆ. ಹದಿಮೂರು ತುಂಬಿದರೂ ಎದೆ ಮೂಡುವ ಸುಳಿವೇ ಇಲ್ಲದಿದ್ದರೆ, ಹದಿನೈದಾದರೂ ಮುಟ್ಟಾಗದಿದ್ದರೆ, ಇದ್ದಕ್ಕಿದ್ದಂತೆ ಒಂದು ಕಡೆಯ ಗಾತ್ರ ಬದಲಾದರೆ, ಗಂಟು ಸಿಕ್ಕರೆ, ಬಸಿರು ಬಾಣಂತನ ಏನೂ ಇಲ್ಲದೆ ತೊಟ್ಟಿನಿಂದ ಹಾಲು ಅಥವಾ ರಕ್ತ ಬಂದರೆ ಮೊದಲು ಸ್ತ್ರೀರೋಗ ತಜ್ಞರನ್ನು ನೋಡಿ. ಆಗಲೇ ಏನಾದರೂ ಮೂಲಿಕೆ ತಿನ್ನುತ್ತಿದ್ದರೆ ಡಬ್ಬಿಯನ್ನೂ ಜೊತೆಗೆ ತಗೊಂಡು ಹೋಗಿ ತೋರಿಸಿ.