ಮಾಸ್ತಿಕಟ್ಟೆ ಕಡೆ ಫ್ಲೈ ಫಿಶಿಂಗ್: ದುಡ್ಡು ಕಟ್ಟುವ ಮೊದಲು ಇಷ್ಟು ಕೇಳಿಕೊಳ್ಳಿ

"ಸರ್, ಮಹಶೀರ್ ಗ್ಯಾರಂಟಿ. ಕಾಡಿನ ಒಳಗಿನ ಹೊಳೆ. ಗೈಡ್ ಇರ್ತಾರೆ, ಫ್ಲೈ ಸೆಟ್ ಎಲ್ಲ ನಮ್ಮದೇ." ಮಾಸ್ತಿಕಟ್ಟೆ ಹತ್ತಿರದ ಒಂದು ಗಾಳದ ಕ್ಯಾಂಪಿನ ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದು ಇಷ್ಟು. ಮಹಶೀರ್ ಅಂದರೆ ಗಾಳದವರೆಲ್ಲ ಆಸೆಪಡುವ ಹೊಳೆಯ ದೊಡ್ಡ ಮೀನು. ಎರಡು ರಾತ್ರಿಗೆ ತಲೆಗೆ 9,500 ರೂಪಾಯಿ. ಮುಂಗಡವಾಗಿ ಅರ್ಧ ಕಟ್ಟಿ, ಜನವರಿ ಕೊನೆಯ ವಾರ ನಾನು ಮತ್ತು ನನ್ನ ತಮ್ಮ ಹೊರಟೆವು.

ಗಾಳ ನಮಗೆ ಹೊಸದಲ್ಲ. ಸಣ್ಣವರಿದ್ದಾಗ ಬಿದಿರು ಕೋಲು, ಬೆಂಡು, ತೆಂಗಿನ ಚಿಪ್ಪಿನ ತುಂಬ ಎರೆಹುಳ ಇಟ್ಟುಕೊಂಡು ಕೆರೆ ಏರಿಯ ಮೇಲೆ ದಿನಗಟ್ಟಲೆ ಕೂತವರು ನಾವು. ಎರೆಹುಳದ ಬದಲು ಗರಿ, ಕೂದಲು ಸುತ್ತಿದ ಕೊಕ್ಕೆ ಹಾಕುವ ಫ್ಲೈ ಮಾತ್ರ ಇಬ್ಬರೂ ಕೈಯಲ್ಲಿ ಹಿಡಿದಿರಲಿಲ್ಲ. ಕಲಿಯಬೇಕು ಅನ್ನುವ ಆಸೆ ತುಂಬಾ ದಿನದಿಂದ ಇತ್ತು.

ಶಿವಮೊಗ್ಗದಿಂದ ತೀರ್ಥಹಳ್ಳಿ, ಅಲ್ಲಿಂದ ಕುಂದಾಪುರದ ಬಸ್ಸಿನಲ್ಲಿ ಮಾಸ್ತಿಕಟ್ಟೆ. ಇಲ್ಲಿಯವರೆಗೆ ಏನೂ ತೊಂದರೆ ಇಲ್ಲ. ತೊಂದರೆ ಶುರುವಾಗಿದ್ದು ಬಸ್ ಇಳಿದ ಮೇಲೆ. ಕ್ಯಾಂಪಿಗೆ ಇನ್ನೂ 6 ಕಿಲೋಮೀಟರ್ ಮಣ್ಣಿನ ದಾರಿ. ಕರೆದುಕೊಂಡು ಹೋಗಲು ಜೀಪು ಬಂದಿತ್ತು. ಹತ್ತಿ ಕೂತ ಮೇಲೆ ಡ್ರೈವರ್ ಹೇಳಿದ, ಜೀಪಿನ ಬಾಡಿಗೆ ಪ್ಯಾಕೇಜಿನಲ್ಲಿ ಸೇರಿಲ್ಲ, ಹೋಗಿ ಬರಲು 1,800 ಅಂತ. ಬೇಡ ಅಂದರೆ ನಡೆಯಬೇಕು, ಹೊತ್ತು ಇಳಿಯುತ್ತಿತ್ತು. ಕೊಟ್ಟೆವು. ಕ್ಯಾಂಪಿನಲ್ಲಿ ಇನ್ನೊಂದು ಚೀಟಿ ಕಾದಿತ್ತು: ರಾಡ್ ಮತ್ತು ರೀಲಿಗೆ ದಿನಕ್ಕೆ 1,200, ಫ್ಲೈ ಕಳೆದರೆ ಒಂದಕ್ಕೆ 150. ಸೆಟ್ ನಮ್ಮದೇ ಅಂದವರು ಬಾಡಿಗೆಯ ಮಾತು ಎತ್ತಿರಲಿಲ್ಲ. ಕ್ಯಾಂಪ್ ಇರುವುದು ಮಾಣಿ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ. ಅದರ ತುಂಬ ಮುಳುಗಿದ ಮರದ ಬೊಡ್ಡೆಗಳು. ಫ್ಲೈ ಕಳೆಯದೆ ಅಲ್ಲಿ ಯಾರಿಗೂ ಆಗುವುದಿಲ್ಲ. ನಮ್ಮದು ಏಳು ಹೋಯಿತು.

ರೂಮಿನ ಬಗ್ಗೆ ದೂರಿಲ್ಲ. ಡೇರೆ, ಎರಡು ಮಂಚ, ದಪ್ಪ ರಗ್ಗು. ಬಿಸಿನೀರು ಬಕೆಟ್ಟಿನಲ್ಲಿ ಬರುತ್ತದೆ. ಫೋನ್ ಸಿಗ್ನಲ್ ಸಿಗುವುದಿಲ್ಲ, ನನಗೆ ಅದೇ ಬೇಕಿತ್ತು. ಆದರೆ ಪಕ್ಕದ ಡೇರೆಗಳಿಗೆ ಎಂಟು ಜನರ ಒಂದು ಗುಂಪು ಬಂದಿತ್ತು. ರಾತ್ರಿ ಹನ್ನೆರಡರವರೆಗೆ ಸ್ಪೀಕರಿನಲ್ಲಿ ಹಾಡು. ಚಳಿ, ತಣ್ಣೀರು, ಹುಳ ಹುಪ್ಪಟೆ ಎಲ್ಲ ನಾನು ತಡೆದುಕೊಳ್ಳುತ್ತೇನೆ. ಕಾಡಿನಲ್ಲಿ ಸ್ಪೀಕರ್ ಹಾಕುವುದನ್ನು ತಡೆದುಕೊಳ್ಳಲು ಆಗುವುದಿಲ್ಲ. ಶನಿವಾರ, ಭಾನುವಾರ ಬಿಟ್ಟು ಹೋಗಿ.

ಈಗ ಮುಖ್ಯ ವಿಷಯ. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಗೈಡ್ ಬಂದರು. ಪಕ್ಕದ ಊರಿನವರೇ, ವಯಸ್ಸು ಐವತ್ತು ದಾಟಿದೆ. ಹಿನ್ನೀರಿನಲ್ಲಿ ಬಲೆ ಬಿಟ್ಟು ಬದುಕಿದವರು. ತಮ್ಮ ಮೊದಲು ಕೇಳಿದ್ದೇ, "ಅಣ್ಣಾ, ಮಹಶೀರ್ ಯಾವ ಕಡೆ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಎಂತ ಹೇಳೂದು ಮಾರಾಯ್ರೇ, ಅದು ಹರಿಯೋ ನೀರಿನ ಮೀನು. ಬಂಡೆ ಬೇಕು, ಸೆಳವು ಬೇಕು. ಇದು ಡ್ಯಾಮಿನ ನೀರು. ನಾನಂತೂ ಇಲ್ಲಿ ಹಿಡಿದಿಲ್ಲ."

ಹಾಗಾದರೆ ಆ ಕಾಡಿನ ಹೊಳೆ? ಅದು ಇದೆ, ಹಳ್ಳ ದಾಟಿದರೆ ಸಿಗುತ್ತದೆ. "ಆಚೆ ಫಾರೆಸ್ಟಿನವರದ್ದು. ಗಾಳ ಹಿಡ್ಕೊಂಡು ಹೋದ್ರೆ ಕೇಸು. ನಾನು ಬರೂದಿಲ್ಲ, ನೀವೂ ಹೋಗ್ಬೇಡಿ" ಅಂದರು. ಮ್ಯಾನೇಜರ್ ಫೋನಿನಲ್ಲಿ ಮಾರಿದ್ದು, ಗೈಡ್ ಕಾಲಿಡಲು ಒಪ್ಪದ ನೀರನ್ನು. ನನಗೆ ಸಿಟ್ಟು ಬಂದಿದ್ದು ಜೀಪಿನ 1,800ಕ್ಕಿಂತ ಇದಕ್ಕೆ ಜಾಸ್ತಿ.

ಇದು ನೀವೂ ತಿಳಿದಿರಬೇಕು. ಅಭಯಾರಣ್ಯದ ಒಳಗೆ ಸುಮ್ನೆ ಹೋಗಿ ಗಾಳ ಹಾಕುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆಯಲ್ಲಿ ಮಹಶೀರ್ ಹಿಡಿದು ಬಿಡುವ ಕ್ಯಾಂಪುಗಳು ದೇಶ ವಿದೇಶಗಳಲ್ಲಿ ಹೆಸರು ಮಾಡಿದ್ದವು. ವನ್ಯಧಾಮದ ಒಳಗೆ ಅನ್ನುವ ಕಾರಣಕ್ಕೆ ಅಲ್ಲೂ ಗಾಳ ನಿಲ್ಲಿಸಿದರು. ಕಾವೇರಿಯ ದೊಡ್ಡ ಮಹಶೀರ್ 2018ರಿಂದ ತೀವ್ರ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಯಾರಾದರೂ "ಮಹಶೀರ್ ಗ್ಯಾರಂಟಿ" ಅಂದರೆ, ಯಾವ ನೀರು, ಯಾರ ಪರವಾನಗಿ ಅಂತ ಕೇಳಿ. ಕಾಗದದ ಫೋಟೋ ಕಳಿಸಲು ಹೇಳಿ. ಕಳಿಸದಿದ್ದರೆ ಮುಂಗಡ ಕಟ್ಟಬೇಡಿ.

ಮಹಶೀರ್ ಇಲ್ಲ ಅಂತ ಗೊತ್ತಾದ ಮೇಲೂ ನಾವು ಆ ದಿನವನ್ನು ಬಿಡಲಿಲ್ಲ. ಬಿಡದಿದ್ದದ್ದು ಒಳ್ಳೆಯದಾಯಿತು. ನಾವು ಕಲಿತದ್ದೆಲ್ಲ ಆ ಗೈಡ್ ಕೈಯಿಂದ. ಹಿಂದೆ ಬಂದ ಗಾಳದವರೊಬ್ಬರು ಅವರಿಗೆ ಫ್ಲೈ ಹೇಳಿಕೊಟ್ಟಿದ್ದರಂತೆ. ಮಾಮೂಲಿ ಗಾಳದಲ್ಲಿ ತೂಕ ಇರುವುದು ಸೀಸದ ಗುಂಡಿನಲ್ಲಿ. ಗುಂಡು ಮುಂದೆ ಹಾರುತ್ತದೆ, ದಾರ ಹಿಂದೆ ಹೋಗುತ್ತದೆ. ಫ್ಲೈನಲ್ಲಿ ಉಲ್ಟಾ. ಕೊಕ್ಕೆಗೆ ಗರಿ, ಕೂದಲು ಸುತ್ತಿ ಮಾಡಿದ ಫ್ಲೈಗೆ ತೂಕವೇ ಇಲ್ಲ. ತೂಕ ಇರುವುದು ದಪ್ಪನೆಯ ಲೈನಿನಲ್ಲಿ. ರಾಡನ್ನು ಹಿಂದಕ್ಕೆ ಎತ್ತಿದಾಗ ಲೈನ್ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳಬೇಕು. ಅಲ್ಲಿಯವರೆಗೆ ಕೈ ಕಾಯಬೇಕು. ಆಮೇಲೆ ಮುಂದಕ್ಕೆ. ನಾವಿಬ್ಬರೂ ಕಾಯದೆ ಬೀಸುತ್ತಿದ್ದೆವು, ಲೈನ್ ತಲೆಯ ಮೇಲೆ ಸುತ್ತಿಕೊಳ್ಳುತ್ತಿತ್ತು. "ಕತ್ತಿ ಬೀಸಿದ ಹಂಗೆ ಬೀಸ್ಬೇಡಿ, ಹಿಂದೆ ನೋಡಿ, ಬಿಚ್ಚಿತಾ? ಈಗ ಬಿಡಿ" ಅಂತ ನೂರು ಸಲ ಹೇಳಿದರು. ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ತಮ್ಮನ ಲೈನ್ ಮಂಜಿನೊಳಗೆ ನೇರ ಹೋಗಿ, ಫ್ಲೈ ಸದ್ದಿಲ್ಲದೆ ನೀರಿಗೆ ಬಿತ್ತು. ಅವನ ಮುಖ ನೋಡಬೇಕಿತ್ತು.

ಮಧ್ಯಾಹ್ನ ಒಂದು ಅತ್ತಿ ಮರದ ಕೆಳಗೆ ಕರೆದುಕೊಂಡು ಹೋದರು. ಕೊಂಬೆ ನೀರಿನ ಮೇಲೆ ಬಾಗಿತ್ತು. ಹಣ್ಣು ಬಿದ್ದ ಕಡೆ ಮೀನು ಕಾಯುತ್ತದೆ ಅಂದರು. ಪೆಟ್ಟಿಗೆಯಲ್ಲಿದ್ದ ಮಿನುಗುವ ಫ್ಲೈಗಳನ್ನೆಲ್ಲ ಪಕ್ಕಕ್ಕಿಟ್ಟು, ಜೇಬಿನಿಂದ ಕೆಂಪು ಕಂದು ಬಣ್ಣದ ಉಲ್ಲನ್ ದಾರ ತೆಗೆದು ಕೊಕ್ಕೆಗೆ ಗುಂಡಗೆ ಸುತ್ತಿದರು. ನೋಡಿದರೆ ಸಣ್ಣ ಅತ್ತಿಹಣ್ಣೇ. ಮೂರನೇ ಎಸೆತಕ್ಕೆ ನನ್ನ ಲೈನ್ ಬಿಗಿಯಾಯಿತು. ಒಂದೂವರೆ ಕೆಜಿಯ ಗೆಂಡೆ ಇರಬಹುದು, ಐದು ನಿಮಿಷ ಎಳೆದಾಡಿತು. ಕೈ ಒದ್ದೆ ಮಾಡಿಕೊಂಡು ಹಿಡಿಯಬೇಕು, ಒಣಗಿದ ಕೈಯಲ್ಲಿ ಮುಟ್ಟಿದರೆ ಮೀನಿನ ಮೈಮೇಲಿನ ಲೋಳೆ ಹೋಗುತ್ತದೆ ಅಂತ ತೋರಿಸಿಕೊಟ್ಟರು. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳು ಇರಲಿಲ್ಲ, ಸಲೀಸಾಗಿ ಬಿಟ್ಟುಕೊಂಡಿತು. ನೀರಿಗೆ ಬಿಟ್ಟೆ.

ಹೋಗುವವರು ಒಂದು ವಿಷಯ ಗಮನಿಸಿ. ವಾರಾಹಿಯ ಮಾಣಿ ಅಣೆಕಟ್ಟಿನ ನೀರು ಕರೆಂಟಿಗೆ ಹೋಗುತ್ತದೆ. ಬೇಸಿಗೆ ಬಂದ ಹಾಗೆ ಹಿನ್ನೀರು ಇಳಿದು, ದಡದಲ್ಲಿ ಬರೀ ಕೆಸರು. ಮೊಣಕಾಲು ಹೂತುಹೋಗುತ್ತದೆ. ಮಳೆಗಾಲ ಬೇಡವೇ ಬೇಡ, ಮೀನು ಮೊಟ್ಟೆ ತುಂಬಿಕೊಂಡು ಹತ್ತುವ ಕಾಲ ಅದು. ಆಗ ಹಿಡಿಯಬಾರದು, ಉಂಬಳವೂ ವಿಪರೀತ. ಗೈಡ್ ಹೇಳಿದ ಕಾಲ ನವೆಂಬರ್, ಡಿಸೆಂಬರ್.

ಮಂಗನ ಕಾಯಿಲೆಯ ಬಗ್ಗೆ ಕ್ಯಾಂಪಿನವರು ಬಾಯಿ ಬಿಡಲಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಜ್ವರ ಇದು, ಉಣುಗು ಕಚ್ಚಿದರೆ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಜಾಸ್ತಿ. ಅಂದರೆ ಗಾಳಕ್ಕೆ ಹೋಗುವ ಕಾಲವೇ. ಗೈಡ್ ತಾವೇ ಡೆಪಾ ಎಣ್ಣೆ ತಂದು ನಮ್ಮ ಕೈಕಾಲಿಗೆ ಹಚ್ಚಿಸಿದರು. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಹಂಚುವ ಎಣ್ಣೆ ಅದು. ತುಂಬು ತೋಳಿನ ಅಂಗಿ, ಪ್ಯಾಂಟನ್ನು ಸಾಕ್ಸಿನ ಒಳಗೆ ತುರುಕುವುದು, ಸಂಜೆ ಬಿಸಿನೀರಿನ ಸ್ನಾನ, ಇದನ್ನು ತಪ್ಪಿಸಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ.

ಕ್ಯಾಂಪಿನ ಊಟ ಎಲ್ಲಾ ಕಡೆಯ ಹಾಗೆ ಪನೀರು, ಗೋಬಿ. ಮಾಸ್ತಿಕಟ್ಟೆ ಪೇಟೆಯಲ್ಲಿ ಒಂದು ಸಣ್ಣ ಹೋಟೆಲ್ ಇದೆ, ಬೋರ್ಡು ಇಲ್ಲ. ಹಂಚಿನ ಮಾಡು, ಮೂರು ಬೆಂಚು. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಬೆಳಿಗ್ಗೆ ಕಡುಬು, ಅದಕ್ಕೆ ಕಾಯಿ ಚಟ್ನಿ ಮತ್ತು ಒಂದು ಸೌಟು ತಿಳಿ ಸಾರು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಕುಂದಾಪುರದಿಂದ ಘಾಟಿ ಹತ್ತಿ ಮೀನಿನ ಗಾಡಿ ಬಂದ ದಿನ ಬಂಗುಡೆ ಸಾರು ಇರುತ್ತದೆ. ಹುಳಿ ಹಿಡಿದಿತ್ತು, ಖಾರ ಇತ್ತು, ಕಾಯಿ ನುಣ್ಣಗೆ ಅರೆದಿತ್ತು. ನಾನು ಎರಡು ಸಲ ಅನ್ನ ಹಾಕಿಸಿಕೊಂಡೆ. ಮೂರನೇ ಸಲ ಅಕ್ಕ ಕೇಳದೆಯೇ ಬಡಿಸಿದರು. ಬಂಗುಡೆ ಸೇರಿ ಊಟಕ್ಕೆ 120 ರೂಪಾಯಿ. ಒಂದೂವರೆಯ ಒಳಗೆ ಹೋಗಿ, ಆಮೇಲೆ ಸಾರು ಮುಗಿದಿರುತ್ತದೆ.

ಹೊರಡುವಾಗ ಮ್ಯಾನೇಜರ್ ಜೊತೆ ಕೂತು ಮಾತಾಡಿದೆವು. ಒಂದು ದಿನದ ರಾಡ್ ಬಾಡಿಗೆ ವಾಪಸ್ ಕೊಟ್ಟರು, ಉಳಿದದ್ದು ಬರಲಿಲ್ಲ. ಗೈಡಿಗೆ ಕ್ಯಾಂಪಿನವರು ದಿನಕ್ಕೆ ಕೊಡುವುದು 600 ಅಂತ ಆಮೇಲೆ ಗೊತ್ತಾಯಿತು. ನಾವು ಅವರ ಕೈಗೇ ಬೇರೆ ಕೊಟ್ಟೆವು. ನೀವೂ ಕೊಡಿ.

ಬರುವ ದಾರಿಯಲ್ಲಿ ಗೈಡ್ ಹೇಳಿದ್ದ ಹಾಗೆ ತೀರ್ಥಹಳ್ಳಿಯಲ್ಲಿ ಇಳಿದು ಆಟೋ ಮಾಡಿಕೊಂಡು ಛಿಬ್ಬಲಗುಡ್ಡೆಗೆ ಹೋದೆವು. ತುಂಗೆಯ ಮತ್ಸ್ಯಧಾಮ ಅದು, ಗಾಳ, ಬಲೆ ಏನೂ ಹಾಕುವಂತಿಲ್ಲ. ಮೆಟ್ಟಿಲ ಮೇಲೆ ಕೂತು ನೀರಿಗೆ ಮಂಡಕ್ಕಿ ಹಾಕಿದೆವು. ಮೊದಲು ಸಣ್ಣವು ಬಂದವು. ಆಮೇಲೆ ಅಡಿಯಿಂದ ಮೊಳದುದ್ದದ ಒಂದು ಮಹಶೀರ್ ನಿಧಾನಕ್ಕೆ ಎದ್ದು ಬಂತು. ದೊಡ್ಡ ದೊಡ್ಡ ಹುರುಪೆ, ಬಿಸಿಲಿಗೆ ಹಿತ್ತಾಳೆಯ ಹಾಗೆ ಹೊಳೆಯಿತು. ತಮ್ಮ ಬಾಗಿ ನೋಡುತ್ತಾ ಕೂತ. ಶಿವಮೊಗ್ಗದ ಎರಡು ಬಸ್ಸು ತಪ್ಪಿದವು.