ಸನ್ಮಾನದ ಪಟ್ಟಿ ಲಾಗ್‌ಬುಕ್ಕಿನಿಂದ ಬರಲಿ

ನವೆಂಬರ್ 5, 2025, ಬುಧವಾರ, ಹುಣ್ಣಿಮೆ

ಖಗೋಳ ಸಂಘದ ಹಳೆಯ ಸ್ವಯಂಸೇವಕರ ಸನ್ಮಾನಕ್ಕೆ ದಿನ ಗೊತ್ತಾಯಿತು: ಡಿಸೆಂಬರ್ 6, ಶನಿವಾರ. ಹುಣ್ಣಿಮೆಯ ಬೆನ್ನಿಗೇ ಬರುವ ದಿನ. ಬೆಳದಿಂಗಳಲ್ಲಿ ಮಸುಕಾದ ಗ್ಯಾಲಕ್ಸಿಗಳು ಹೇಗೂ ಕಾಣವು, ಹಾಗಾಗಿ ಯಾರ ವೀಕ್ಷಣೆಯೂ ಕೆಡದು. ನವೆಂಬರ್ 22 ಬೇಡವೆಂದದ್ದು ಇದಕ್ಕೇ: ಅಮಾವಾಸ್ಯೆ ಕಳೆದು ಎರಡೇ ದಿನ, ಅಂಥ ಕತ್ತಲೆಯನ್ನು ಸಭೆಗೆ ಕೊಡಬಾರದು.

ಪಟ್ಟಿಯನ್ನು ನೆನಪಿನಿಂದ ಬರೆದರೆ ಪದಾಧಿಕಾರಿಗಳು, ಚೆನ್ನಾಗಿ ಮಾತನಾಡುವವರು ಮೊದಲು ಬರುತ್ತಾರೆ. ನಡುರಾತ್ರಿ ದೂರದರ್ಶಕ ಬಿಚ್ಚಿ ಗಾಡಿಗೇರಿಸಿದವರು ಬಿಟ್ಟೇಹೋಗುತ್ತಾರೆ. ವೀಕ್ಷಣಾ ಲಾಗ್, ಉಪಕರಣ ಎರವಲು ಕೊಟ್ಟ ರಿಜಿಸ್ಟರ್, ಕೀಲಿಕೈ ಪುಸ್ತಕ, ಈ ಮೂರನ್ನೂ ಮುಂದಿಟ್ಟುಕೊಂಡು ಹೆಸರಿನೆದುರು ರಾತ್ರಿಗಳನ್ನು ಎಣಿಸಬೇಕು. ಸದಸ್ಯತ್ವದ ವರ್ಷಗಳನ್ನಲ್ಲ. 1911ರಲ್ಲಿ ಹುಟ್ಟಿದ ಅಮೆರಿಕದ ವೀಕ್ಷಕರ ಸಂಘ ಎಎವಿಎಸ್‌ಒ ಕೂಡ, ಬೆಳಕು ಏರಿಳಿಯುವ ನಕ್ಷತ್ರಗಳನ್ನು ಗಮನಿಸುವವರನ್ನು ಅವರು ಕಳಿಸಿದ ವೀಕ್ಷಣೆಗಳ ಎಣಿಕೆಯಿಂದಲೇ ಗೌರವಿಸುತ್ತದೆ.

ಬಿನ್ನವತ್ತಳೆಯಲ್ಲಿ 'ಅಮೂಲ್ಯ ಸೇವೆ' ಎಂದಷ್ಟೇ ಬರೆದರೆ ಅದು ಯಾರಿಗೂ ಒಪ್ಪುತ್ತದೆ, ಅಂದರೆ ಯಾರದೂ ಅಲ್ಲ. ಮಾಡಿದ ಕೆಲಸವನ್ನೇ ಬರೆಯಬೇಕು. ದೊಡ್ಡ ಡಾಬ್ಸೋನಿಯನ್ ದೂರದರ್ಶಕದ ಕನ್ನಡಿ ತೊಳೆಯುವುದನ್ನೇ ತೆಗೆದುಕೊಳ್ಳಿ. ಅಲ್ಯೂಮಿನಿಯಂ ಲೇಪದ ದಪ್ಪ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗದಷ್ಟು. ಮೊದಲು ಹರಿಯುವ ನೀರಿನಲ್ಲಿ ಧೂಳು ಬಿಡಿಸಬೇಕು, ಆಮೇಲೆ ಎರಡು ಹನಿ ಪಾತ್ರೆ ಸೋಪು ಬೆರೆಸಿದ ನೀರಲ್ಲಿ ನೆನೆದ ಹತ್ತಿಯನ್ನು ಅದರ ಭಾರದಲ್ಲೇ ಎಳೆಯಬೇಕು. ಒತ್ತಿದರೆ ಉಳಿದ ಮರಳಿನ ಕಣ ಗೀರು ಹಾಕುತ್ತದೆ. ಪ್ರತಿ ಸಲ ಎಳೆದ ಮೇಲೆ ಹತ್ತಿ ಬದಲು. ಕೊನೆಯ ಸಲ ಡಿಸ್ಟಿಲ್ಡ್ ವಾಟರ್, ನಲ್ಲಿ ನೀರಾದರೆ ಲವಣದ ಕಲೆ ನಿಲ್ಲುತ್ತದೆ. ಕನ್ನಡಿಯನ್ನು ಕೂರಿಸಿದ ಮೇಲೆ ಮತ್ತೆ ಕೊಲಿಮೇಷನ್, ಅಂದರೆ ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸುವುದು. ಇಷ್ಟನ್ನೂ ವರ್ಷಗಟ್ಟಲೆ ಒಂದೂ ಗೀರಿಲ್ಲದೆ ಮಾಡಿದವರಿದ್ದರೆ, ಬಿನ್ನವತ್ತಳೆಯ ಮೊದಲ ಸಾಲು ಅದೇ ಆಗಬೇಕು. ಒಟ್ಟು ಅರವತ್ತು ಪದ ಸಾಕು, ಜೋರಾಗಿ ಓದಿ ನೋಡಿ. ಹೆಸರಿನ ಕಾಗುಣಿತವನ್ನು ಅವರಿಂದಲೇ ಖಚಿತ ಮಾಡಿಕೊಂಡು ಕೆತ್ತಲು ಕೊಡಿ.

ಕಾಣಿಕೆಯಾಗಿ ಗಾಜಿನ ಫಲಕಕ್ಕಿಂತ ಬೆಳಕು ತಗ್ಗಿಸಬಹುದಾದ ಕೆಂಪು ಹೆಡ್‌ಲ್ಯಾಂಪ್ ವಾಸಿ. ಐಪೀಸ್ (ಕಣ್ಣಿಡುವ ಮಸೂರ) ಕೊಡುವುದಾದರೆ ಅದು ಕೂರುವ ಅವರ ದೂರದರ್ಶಕದ ಕೊಳವೆ, ಫೋಕಸರ್, 1.25 ಇಂಚಿನದೋ 2 ಇಂಚಿನದೋ ಮೊದಲೇ ಕೇಳಿಕೊಳ್ಳಿ.

ನಕ್ಷತ್ರಕ್ಕೆ ಹೆಸರಿಡಿಸೋಣ ಎಂಬ ಮಾತು ಪ್ರತಿ ಸಲ ಬರುತ್ತದೆ. ಹಣಕ್ಕೆ ಮಾರುವ ಆ ಹೆಸರುಗಳನ್ನು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಮಾನ್ಯ ಮಾಡುವುದಿಲ್ಲ. ಕ್ಷುದ್ರಗ್ರಹವಾದರೆ ದಾರಿಯಿದೆ: ಅದಕ್ಕೆ ಸಂಖ್ಯೆ ಸಿಕ್ಕ ಮೇಲೆ ಹತ್ತು ವರ್ಷ ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದು, ಹೆಸರು 16 ಅಕ್ಷರ ಮೀರುವಂತಿಲ್ಲ. ಆ ಹಕ್ಕಿರುವವರ ಪರಿಚಯವಿದ್ದರೆ ಕೇಳಿಕೊಳ್ಳಬಹುದು, ಆದರೆ ಡಿಸೆಂಬರ್ 6ಕ್ಕೆ ಆಗುವ ಕೆಲಸವಲ್ಲ.

ಇನ್ನೊಂದು ಕೆಲಸ ಉಳಿದಿದೆ. ಆ ದಿನ ಕುರ್ಚಿ ಹಾಕುವುದು, ದೂರದರ್ಶಕ ಜೋಡಿಸುವುದು, ಪ್ಯಾಕ್ ಮಾಡುವುದು ಯಾರೆಂದು ಹೆಸರು ಹಿಡಿದು ಬರೆಯಬೇಕು. ಬರೆಯದಿದ್ದರೆ ಅಭ್ಯಾಸಬಲದಿಂದ ಸನ್ಮಾನಿತರೇ ಎದ್ದು ಮಾಡುತ್ತಾರೆ. ಸಂಜೆ ಶನಿಗ್ರಹ ಎತ್ತರದಲ್ಲಿರುತ್ತದೆ, ಉಂಗುರ ಈಗ ಗೆರೆಯಷ್ಟು ತೆಳುವಾಗಿದೆ. ಹೊಸಬರು ದೂರದರ್ಶಕ ಜೋಡಿಸಿ ಶನಿಯನ್ನು ಹಿಡಿದಿಡಲಿ, ಮೊದಲ ಸರದಿ ಹಳಬರದು.